ಗೋಡೆಗೊಂದೇ ಇಟ್ಟಿಗೆ

ನಮ್ಮೂರ ಸೇತುವೆಗೆ ಕಾಲಿಟ್ಟ ಕೂಡಲೇ ಮೊದಲು ಕೇಳುವುದು ಗೌರಜ್ಜಿಯ ಕೆಮ್ಮು. ಗೌರಜ್ಜಿ ಸತ್ತು ಯಾವ ಕಾಲವಾಯಿತೋ, ಕೆಮ್ಮು ಮಾತ್ರ ಎಡಗಡೆಯ ಕೈಗೋಡೆಯಲ್ಲಿ, ಮೊಣಕಾಲೆತ್ತರದಲ್ಲಿ, ಇನ್ನೂ ಕಫ ಕಟ್ಟಿಕೊಂಡೇ ಇದೆ. ತುಸು ಮುಂದೆ ಹೋದರೆ ಯಾರದೋ ಮನೆಯ ಒರಳುಕಲ್ಲಿನ ಗುಡುಗುಡು, ಅದರ ಪಕ್ಕದಲ್ಲಿ ಗಂಡ ಹೆಂಡಿರು ಉಪ್ಪು ಜಾಸ್ತಿಯಾಯಿತೆಂದು ಕಿತ್ತಾಡುವುದು, ಕಮಾನಿನ ನೆತ್ತಿಗೆ ಬಂದರೆ ಒಗ್ಗರಣೆ ಚಟಪಟ. ಹೊಸ ಬಸ್ ಡ್ರೈವರ್ ಬಂದರೆ ಹಳಬರು ಮೊದಲೇ ಹೇಳಿಕೊಡುತ್ತಾರೆ: ಸೇತುವೆ ಮೇಲೆ ‘ನಿಲ್ಸಪ್ಪೋ’ ಅಂತ ಹೆಣ್ಣುದನಿ ಕೇಳಿದರೆ ಬ್ರೇಕ್ ಹಾಕಬೇಡ, ಅದು ಗೋಡೆ.

ನಾಲೆ ತೋಡಿಸಿದವರು ಇಂಗ್ಲಿಷರು. ಮೇಲೆ ಇಟ್ಟಿಗೆಯ ಸೇತುವೆ ಕಟ್ಟಿಸಿದವರೂ ಅವರೇ. ದೋಣಿ ತುಂಬಿ ಏನೇನು ಸಾಗಿಸಿದರೋ ಸಾಗಿಸಿದರು, ಹೋಗುವಾಗ ನಾಲೆಯನ್ನೂ ಸೇತುವೆಯನ್ನೂ ಮಡಚಿ ತೆಗೆದುಕೊಂಡು ಹೋಗಲು ಆಗಲಿಲ್ಲ ಅಷ್ಟೆ. ಅವರಿದ್ದಾಗಲೇ ಇದು ಇಟ್ಟಿಗೆ ಉದುರಿಸುತ್ತಿತ್ತಂತೆ. ಕುದುರೆ ಮೇಲೆ ಕೂತಿದ್ದ ದೊರೆಯೊಬ್ಬ ಕೆಳಗೂ ಇಳಿಯದೆ, ‘ಕೂಲಿಯವರ ಮನೆಯಿಂದ ಕಿತ್ತು ತಂದು ತುಂಬಿ’ ಅಂದನಂತೆ. ದೊರೆ ಹೋದ. ಮಾತು ಉಳಿಯಿತು. ಅವನ ವಂಶ ಹಾಳಾಗ.

ಕೈಗೋಡೆಯ ಇಟ್ಟಿಗೆಯೊಂದು ಕಳಚಿ ನೀರಿಗೆ ಬಿತ್ತೆಂದರೆ ಹೊತ್ತು ಮುಳುಗುವುದರೊಳಗೆ ಆ ಜಾಗದಲ್ಲಿ ಇನ್ನೊಂದು ಕೂರಬೇಕು. ಗೂಡಿನಿಂದ ತಂದ ಹೊಸ ಇಟ್ಟಿಗೆಯನ್ನು ಅದು ಬೇಡದ ತುತ್ತಿನ ಹಾಗೆ ಉಗುಳಿಬಿಡುತ್ತದೆ. ಸಿಮೆಂಟ್ ಬ್ಲಾಕನ್ನೂ ಉಗುಳುತ್ತದೆ. ಜನ ಉಂಡು ಮಲಗಿ ಎದ್ದ ಮನೆಯ ಇಟ್ಟಿಗೆ ಕೊಟ್ಟರೆ ಮಾತ್ರ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಗಳಿಗೆಯಿಂದ, ಆ ಗೋಡೆಗೆ ಯಾವ ಸದ್ದು ಹೆಚ್ಚು ರೂಢಿಯೋ ಅದು ಸೇತುವೆಯಲ್ಲಿ ಕೇಳುತ್ತದೆ, ಮನೆಯಲ್ಲಿ ಕೇಳುವುದಿಲ್ಲ. ಒಂದು ಗೋಡೆಯಿಂದ ಒಂದೇ ಇಟ್ಟಿಗೆ. ಎರಡನೆಯದು ಹಿಡಿಯುವುದಿಲ್ಲ.

ಕೊಡದೆ ಹೋದರೆ ಏನಾಗುತ್ತದೆ ಎಂದು ನೋಡಬೇಕಾದರೆ ಮೇಲಿನ ಬೀದಿಗೆ ಹೋಗಬೇಕು. ಸರದಿ ನಿನ್ನದು ನನ್ನದು ಎಂದು ಅವರು ಜಗಳವಾಡುತ್ತ ಹೊತ್ತು ಮುಳುಗಿಸಿದರು. ಮಾರನೆಯ ಬೆಳಗ್ಗೆ ಆ ಬೀದಿಯ ಹುಂಜಗಳು ಕತ್ತು ಚಾಚಿದವು, ಕೂಗು ಬರಲಿಲ್ಲ. ಈಗಲೂ ಅಲ್ಲಿ ಸೊಪ್ಪು ಮಾರುವವಳು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಆಡಿಸುತ್ತಾಳೆ. ಸಾವಾದ ಮನೆಯ ಮುಂದೆ ತಮಟೆಯವರು ಬೆವರು ಸುರಿಸಿ ಬಡಿಯುತ್ತಾರೆ, ಕೈ ಮಾತ್ರ ಕಾಣುತ್ತದೆ. ಆ ಬೀದಿಯ ಹುಡುಗಿಯನ್ನು ಮದುವೆಯಾದವರು ಮಾತ್ರ ಬಹಳ ಸುಖವಾಗಿದ್ದೀವಿ ಎನ್ನುತ್ತಾರೆ. ಅದೂ ಸುಳ್ಳು.

ಉಳಿದವರು ಹೊಂದಿಕೊಂಡಿದ್ದಾರೆ. ಹೊಂದಿಕೊಳ್ಳುವುದರಲ್ಲಿ ನಮ್ಮೂರಿನವರನ್ನು ಮೀರಿಸುವ ಜನ ಇಲ್ಲ, ಅದಕ್ಕೇ ನನಗೆ ಮೈ ಉರಿಯುವುದು. ನಮ್ಮ ಅಡುಗೆಮನೆಯ ಗೋಡೆ ಕೊಟ್ಟ ಮೇಲೆ ಅವ್ವನಿಗೆ ಸಾಸಿವೆ ಸಿಡಿಯುವುದು ಕೇಳುವುದಿಲ್ಲ. ಬಾಣಲೆಯ ಮೇಲೆ ಬಗ್ಗಿ ಕಣ್ಣಿನಲ್ಲೇ ಕಾಯುತ್ತಾಳೆ, ಹುಬ್ಬೆಲ್ಲ ಸುಟ್ಟುಕೊಂಡಿದ್ದಾಳೆ. ಅಪ್ಪ ಸತ್ತ ವರ್ಷ ನಡುಮನೆಯ ಗೋಡೆ ಕೊಟ್ಟೆವು. ಅಂದಿನಿಂದ ಅವಳು ಮನೆಯೊಳಗೆ ಅತ್ತರೆ ಸದ್ದಿಲ್ಲ. ಎದುರುಮನೆಯ ಬೋರಣ್ಣ ಮಾತ್ರ ಹೆಂಡತಿ ಬೈಯುವ ಗೋಡೆಯನ್ನೇ ನೋಡಿ ಕೊಟ್ಟ. ಅವಳೇನು ಬೈಯುವುದು ಬಿಟ್ಟಳೇ? ಬೈಯಬೇಕೆನಿಸಿದಾಗ ರಟ್ಟೆ ಹಿಡಿದು ಬೀದಿಗೆ ಎಳೆದುಕೊಂಡು ಬಂದು ಬೈಯುತ್ತಾಳೆ.

ಆ ದಿನ ಬೆಳಗ್ಗೆ ಸೇತುವೆಯ ಕಡೆಯಿಂದ ‘ಡುಬುಕ್’ ಎಂದಾಗ ನಾನು ಜಗಲಿಯಲ್ಲಿ ಹಾಸಿಗೆ ಸುತ್ತುತ್ತಿದ್ದೆ. ಬೀದಿಯುದ್ದಕ್ಕೂ ಹೆಂಗಸರ ಪೊರಕೆಗಳು ನಿಂತವು. ಎಲ್ಲರೂ ನಮ್ಮ ಮನೆ ಕಡೆ ನೋಡಿದರು, ಯಾಕೆಂದರೆ ಸರದಿ ನಮ್ಮದು. ನಮ್ಮ ಮನೆಯಲ್ಲಿ ಕೊಡದೆ ಉಳಿದಿದ್ದ ಗೋಡೆ ಒಂದೇ. ಸೌದೆ ಕೋಣೆಯದು. ಆ ಕೋಣೆಯಲ್ಲಿ ಆಗ ಸೌದೆ ಇರಲಿಲ್ಲ. ಹೆರಿಗೆಗೆಂದು ಬಂದಿದ್ದ ನನ್ನ ಅಕ್ಕ ಪುಟ್ಟತಾಯಿ ಇದ್ದಳು, ಅವಳ ಮಗ್ಗುಲಲ್ಲಿ ಇನ್ನೂ ಹೆಸರಿಡದ ಹೆಣ್ಣುಕೂಸು ಇತ್ತು.

ಅಕ್ಕನಿಗೆ ಇದು ಎರಡನೆಯದು. ಮೊದಲನೆಯದು ಅಳದೇ ಹುಟ್ಟಿ ಅಳದೇ ಮಣ್ಣಿಗೆ ಹೋಯಿತು. ಹಾಗಾಗಿ ಇದು ಹುಟ್ಟಿ ಕಿರ್ರೆಂದು ಕಿರುಚಿದಾಗ ಅವಳು ಸೂಲಗಿತ್ತಿಯ ಕೈ ಹಿಡಿದು ‘ಇನ್ನೊಂದ್ಸಲ ಅಳ್ಸಿ, ಇನ್ನೊಂದ್ಸಲ’ ಅಂದವಳು. ಆಮೇಲೂ ಅಷ್ಟೆ, ಮಲಗಿದ ಕೂಸಿನ ಕಿವಿ ಹಿಂಡಿ ಅಳಿಸಿ ಕೇಳುತ್ತಿದ್ದಳು. ಅವ್ವ, ‘ಹುಚ್ಚು ಮುಂಡೆ, ಹಾಲು ಕುಡ್ಸೋದು ಬುಟ್ಟು ಹಿಂಸೆ ಕೊಡ್ತಾಳೆ’ ಎಂದು ಗದರುವಳು. ಅಲ್ಲಿಯವರೆಗೆ ಒಳಗಿನಿಂದ ಮಾತೇ ಕೇಳದಿದ್ದ ಆ ಗೋಡೆ ಈಗ ಹಗಲೂ ರಾತ್ರಿ ಕೇಳುತ್ತಿದ್ದುದು ಆ ಅಳುವೊಂದೇ.

ದೊಡ್ಡವರ ದನಿ ಹೋದರೆ ಹೊಸ್ತಿಲು ದಾಟಿದ ಮೇಲೆ ಬರುತ್ತದೆ. ಕೂಸಿನದು ಹಾಗಲ್ಲ. ಅದಕ್ಕೆ ಇರುವುದೇ ಒಂದು ದನಿ, ಹೋದರೆ ಪೂರಾ ಹೋಯಿತು. ಹೂವಿನ ರಂಗಿಯ ಮಗ ತೊಟ್ಟಿಲಲ್ಲಿದ್ದಾಗ ಅವರ ಮನೆ ಸರದಿ ಬಂದಿತ್ತು. ಈಗ ಅವನು ಮೀಸೆ ಹೊತ್ತ ಗಂಡಸು. ಊರೂರು ತಿರುಗಿ ಬಂದ, ಎಲ್ಲೂ ಬಾಯಿಂದ ಸದ್ದು ಹೊರಡಲಿಲ್ಲ. ಅವನ ಕೂಸುದನಿ ಸೇತುವೆಯ ಬಲಗಡೆಯಲ್ಲಿ ಇವತ್ತಿಗೂ ಹಾಲಿಗೆ ಅಳುತ್ತದೆ. ಆ ಜಾಗ ಬಂದಾಗ ಅವನು ಸೈಕಲ್ಲಿನಿಂದ ಇಳಿದು, ತಲೆ ಬಗ್ಗಿಸಿ, ತಳ್ಳಿಕೊಂಡು ಹೋಗುತ್ತಾನೆ.

ಬಿಸಿಲೇರುವ ಹೊತ್ತಿಗೆ ಸೇತುವೆ ಯಜಮಾನ ಮರಿಸಿದ್ದಯ್ಯ ಬಂದ. ಹಿಂದೆ ಕರಣೆ, ಗಾರೆಯ ಬಾಣಲಿ ಹಿಡಿದುಕೊಂಡು ಗಾರೆ ಈರಯ್ಯ. ಮರಿಸಿದ್ದಯ್ಯ ಎಂದೂ ದನಿ ಎತ್ತಿ ಮಾತಾಡಿದವನಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು.

“ಕಾಳಿಂಗಾ, ಸರದಿ ನಿಮ್ದು ಕಣಪ್ಪ. ಬೇಗ್ನೆ ತೆಗ್ದು ಕೊಟ್ರೆ ಒಳ್ಳೇದು.”

“ನಿಮ್ಮ ಮನೇದು ಯಾವಾಗ ಯಜಮಾನ್ರೇ?” ಅಂದೆ.

“ನಮ್ಮನೆ ಬ್ಲಾಕಿಂದಲ್ವಾ. ಹಿಡಿಯಾಕಿಲ್ಲ. ಹಿಡಿದಿದ್ರೆ ಕೊಡ್ತಿರ್ಲಿಲ್ವಾ ನಾನು?”

“ಹಿಡಿಯಾಕಿಲ್ಲ ಅಂತ ಗೊತ್ತಿದ್ದೇ ಅಲ್ವಾ ಇಟ್ಟಿಗೆ ಮನೆ ಕೆಡವಿ ಬ್ಲಾಕಲ್ಲಿ ಕಟ್ಟಿದ್ದು? ನೀವು ಕಟ್ಟಿದ್ರಿ, ನಿಮ್ಮ ತಮ್ಮ ಕಟ್ದ, ಷಡ್ಡಕ ಕಟ್ದ. ಈಗ ಸರದಿ ತಿರುಗೋದು ನಮ್ಮ ಕೆಳಬೀದೀಲಿ ಮಾತ್ರ. ಗಿರಗಿಟ್ಲೆ ಥರ.”

ಈರಯ್ಯ ಕರಣೆಯನ್ನು ಒರೆಸಿದ್ದೇ ಒರೆಸಿದ. ಮರಿಸಿದ್ದಯ್ಯ ನಕ್ಕ. “ಓದೋ ಕಾಲಕ್ಕೆ ಸ್ಕೂಲ್ ಬುಟ್ಟೆ. ಓದಿದ್ರೆ ಲಾಯರ್ ಆಗ್ತಿದ್ದೆ ಕಣ್ಲಾ.”

“ಸ್ಕೂಲಿಗೆ ಸೇತುವೆ ದಾಟಿ ಹೋಗ್ಬೇಕಿತ್ತು. ನಮ್ಮವ್ವ ಅಳೋದ ಕೇಳ್ಕೊಂಡು ದಿನಾ ಎರಡು ಸಲ ದಾಟಿ ನೋಡಿ ನೀವು, ಓದ್ತೀರೋ ಬುಡ್ತೀರೋ ಗೊತ್ತಾಯ್ತದೆ.”

ಅಕ್ಕ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಮುಖ ಬಿಳುಚಿತ್ತು. “ಯಜಮಾನ್ರೇ, ಒಂದೇ ಒಂದು ಮಾತು. ಕತ್ತಲಲ್ಲಿ ಇದಕ್ಕೆ ಹಸಿವಾದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?”

“ತೋಳಲ್ಲೇ ಮಡಿಕ್ಕೊಂಡು ಮಲಕ್ಕೋ ಕಣವ್ವ. ಅಭ್ಯಾಸ ಆಯ್ತದೆ. ರಂಗಿ ಸಾಕ್ಲಿಲ್ವಾ? ಬೆಳೀಲಿಲ್ವಾ ಅವ್ನು? ಒಂದು ಕೂಸಿಗೋಸ್ಕರ ಬೀದಿಗ್ ಬೀದೀನೇ ಮೂಕ ಮಾಡಕ್ಕಾಯ್ತದಾ? ಬೀದಿ ಹೋದ್ರೆ ನಿನ್ ಕೂಸಿಂದೂ ಹೋಗ್ತದಲ್ವಾ, ನೀನೇ ಯೇಳು.”

ಲೆಕ್ಕ ಸರಿಯಾಗಿತ್ತು. ಇಂಥವರ ಲೆಕ್ಕ ಯಾವಾಗಲೂ ಸರಿಯಾಗಿಯೇ ಇರುತ್ತದೆ. ಅದೇ ನನ್ನ ಹೊಟ್ಟೆಗೆ ಕೊಳ್ಳಿ ಇಡುವುದು. ನಾನು ಜಗಲಿಯಿಂದ ಹಾರಿ ಅವನ ಅಂಗಿ ಹಿಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನ ಅಜ್ಜನಿಂದ ಹಿಡಿದು ಅವನ ಬ್ಲಾಕಿನವರೆಗೆ ಯಾವುದನ್ನೂ ಬಿಡಲಿಲ್ಲ. ಬೀದಿಯವರು ನೋಡುತ್ತ ನಿಂತರು, ಒಬ್ಬರೂ ಮುಂದೆ ಬರಲಿಲ್ಲ. ಬೋರಣ್ಣನ ಹೆಂಡತಿಯಂಥವಳೇ ಸೆರಗಿನ ತುದಿ ಬಾಯಿಗೆ ತುರುಕಿಕೊಂಡಿದ್ದಳು. ಅವರೆಲ್ಲರ ಕಣ್ಣಿನಲ್ಲೂ ಒಂದೇ ಇತ್ತು: ಕೊಟ್ಟುಬಿಡು ಕಾಳಿಂಗ, ಹೊತ್ತು ಮುಳುಗುತ್ತೆ.

ಅವ್ವ ಬಂದು ನನ್ನ ಬೆರಳುಗಳನ್ನು ಅವನ ಅಂಗಿಯಿಂದ ಒಂದೊಂದಾಗಿ ಬಿಡಿಸಿದಳು. “ಬುಡು ಮಗಾ. ಹಾರೆ ತಗೋ. ನೀನೇ ತೆಗಿ, ಆ ಈರಯ್ಯನ ಕೈ ನಡುಗ್ತದೆ, ಗೋಡೆ ಪೂರಾ ಬೀಳ್ಸಾನು.”

ಹಾರೆ ತಗೊಂಡೆ. ಕೋಣೆಯ ಹೊರಗೋಡೆ ಜಗಲಿಗೇ ಬರುತ್ತದೆ, ನಾನು ಮಲಗುವ ಜಾಗಕ್ಕೆ. ಒಂದೇ ಇಟ್ಟಿಗೆಯ ದಪ್ಪದ ಗೋಡೆ. ಸಂದಿಗೆ ಹಾರೆ ಕೊಟ್ಟು ಮೀಟಿದರೆ ಮಣ್ಣು ಪುಡಿಪುಡಿಯಾಗಿ ಉದುರಿತು. ಇಟ್ಟಿಗೆ ಹಲ್ಲಿನ ಹಾಗೆ ಅಲ್ಲಾಡಿ ಅಲ್ಲಾಡಿ ಕೈಗೆ ಬಂತು. ತೂತಿನಲ್ಲಿ ಇಣುಕಿದರೆ ಒಳಗಿನ ಕತ್ತಲಲ್ಲಿ ಅಕ್ಕನ ಒಂದು ಕಣ್ಣು ಕಂಡಿತು. ರೆಪ್ಪೆ ಬಡಿಯಲಿಲ್ಲ ಅದು. ಕೂಸು ಅಳುತ್ತಿತ್ತು. ಅವಳು ಸಮಾಧಾನ ಮಾಡುತ್ತಿರಲಿಲ್ಲ, ಸುಮ್ಮನೆ ಕೇಳುತ್ತಿದ್ದಳು.

ಈರಯ್ಯ ಬೆರಳಿನಲ್ಲಿ ಸುಣ್ಣ ಅದ್ದಿ ಇಟ್ಟಿಗೆಯ ಒಳಮುಖಕ್ಕೆ ಬೊಟ್ಟಿಟ್ಟ. ಅದು ಪದ್ಧತಿ. ಬೊಟ್ಟಿನ ಮುಖ ರಸ್ತೆಗೆ ಬರಬೇಕು, ಹೊರಮುಖ ನೀರಿಗೆ. ಮನೆಯ ಒಳಗಿನದನ್ನು ಕೊಡುವುದೇ ಕೊಡುವುದು. ಹೊರಮುಖ ಬೀದಿಯ ಧೂಳು ತಿಂದದ್ದು, ಅದನ್ನು ಮುಂದೆ ಮಾಡುವುದು ಎಂಜಲೆಲೆಗೆ ಬಡಿಸಿದ ಹಾಗೆ ಎಂದು ಹಿರಿಯರು ಹೇಳುತ್ತಾರೆ. ಹಿರಿಯರು ಹೇಳಿದರು ಎಂದ ಮೇಲೆ ನಮ್ಮೂರಿನಲ್ಲಿ ಒಬ್ಬನೂ ಮಗುಚಿ ಇಟ್ಟು ನೋಡಿದವನಲ್ಲ.

ಇಟ್ಟಿಗೆಯನ್ನು ಎದೆಗೆ ಅವಚಿಕೊಂಡು ನಾನು ಮುಂದೆ, ಮರಿಸಿದ್ದಯ್ಯ ಪಕ್ಕಕ್ಕೆ, ಹಿಂದೆ ಈರಯ್ಯ, ಅವನ ಹಿಂದೆ ಬೀದಿ. ಹೆಣದ ಹಿಂದೆ ಹೋದ ಹಾಗೆ ಹೋದೆವು. ದಾರಿಯಲ್ಲಿ ಬಗ್ಗಿ ನೋಡಿದೆ. ಒಳಮುಖದಲ್ಲಿ ಸುಣ್ಣದ ಬೊಟ್ಟು ಒಣಗುತ್ತಿತ್ತು. ತಿರುಗಿಸಿದೆ. ಹೊರಮುಖ ಕಪ್ಪಗೆ, ಜಿಡ್ಡುಜಿಡ್ಡಾಗಿ ಹೊಳೆಯುತ್ತಿತ್ತು. ನನ್ನ ತಲೆಯೆಣ್ಣೆ ಅದು. ಅಪ್ಪ ಹೋದಾಗಿನಿಂದ ಆ ಇಟ್ಟಿಗೆಗೇ ತಲೆ ಕೊಟ್ಟು ಮಲಗಿದ್ದೇನೆ. ಅದಕ್ಕೇ ಬೆನ್ನು ಕೊಟ್ಟು ಕೂತು, ದಿನಾ ಸಂಜೆ, ಹೋಗುವವರು ಬರುವವರು ಎನ್ನದೆ ಊರನ್ನು ಬೈದಿದ್ದೇನೆ.

ಈ ಮುಖವನ್ನು ರಸ್ತೆಗೆ ಮಾಡಿದರೆ ಸೇತುವೆಯಲ್ಲಿ ಕೇಳುವುದು ಕೂಸಲ್ಲ, ನಾನು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೇಳುವವರು ಯಾರಿದ್ದರು? ಮಗುಚಿ ಇಟ್ಟರೆ ಅದು ಹಿಡಿಯದೆ ಉಗುಳಿಬಿಟ್ಟರೆ ಇಟ್ಟಿಗೆ ನಾಲೆಗೆ ಹೋಯಿತು, ಗೋಡೆಯೂ ಹೋಯಿತು, ಹೊತ್ತು ಮುಳುಗಿದರೆ ಬೀದಿಯೂ ಹೋಯಿತು. ಹಿಡಿದೂ ಎರಡೂ ಮುಖದ್ದನ್ನು ನುಂಗಿಬಿಟ್ಟರೆ? ನನ್ನ ಹತ್ತಿರ ಲೆಕ್ಕವಿರಲಿಲ್ಲ. ಸಿಟ್ಟಿತ್ತು.

ಗೌರಜ್ಜಿ ಕೆಮ್ಮಿದಳು. ಒರಳು ಗುಡುಗುಡು ಎಂದಿತು. ನಮ್ಮ ಮನೆಯ ಒಗ್ಗರಣೆ ಸಿಡಿಯಿತು. ಅವ್ವ ಗುಂಪಿನಲ್ಲಿದ್ದಳು, ಅದರ ಮುಂದೆ ಅವಳು ಒಂದು ಗಳಿಗೆ ನಿಂತು ಮುಂದೆ ಬಂದಳು. ಬಲಗಡೆ ರಂಗಿಯ ಮಗನ ಕೂಸುದನಿ, ಅದರಿಂದ ಒಂದು ಮಾರು ಆಚೆಗೆ ತೂತು. ತೂತಿನ ಆ ಕಡೆ ನಾಲೆಯ ನೀರು ಕಾಣುತ್ತಿತ್ತು, ಹಸಿರಾಗಿ, ಅಲ್ಲಾಡದೆ. ಈರಯ್ಯ ಗಾರೆ ಮೆತ್ತಿ ಸರಿದು ನಿಂತ. ಮನೆಯವನೇ ಕೈಯಾರೆ ಇಡಬೇಕು.

ಮಂಡಿಯೂರಿ ಕೂತು, ಮೈ ಅಡ್ಡ ಮಾಡಿ, ಸುಣ್ಣದ ಬೊಟ್ಟನ್ನು ನೀರಿನ ಕಡೆಗೆ ತಿರುಗಿಸಿ ಒಳಕ್ಕೆ ನೂಕಿದೆ.

“ಅಯ್ಯೋ ಅಯ್ಯೋ, ಮಗುಚ್ಬುಟ್ನಲ್ಲಪ್ಪೋ!” ಈರಯ್ಯ ಕೂಗಿದ.

“ತೆಗಿ ತೆಗಿ! ತೆಗಿಲಾ ಅದ್ನ!” ಮರಿಸಿದ್ದಯ್ಯ ಮೊದಲ ಸಲ ದನಿ ಎತ್ತಿದ. ಬಗ್ಗಿ ಇಟ್ಟಿಗೆಗೆ ಉಗುರು ಹಾಕಿದ. ಅಷ್ಟರಲ್ಲಿ ನನ್ನ ಅಂಗೈ ಕೆಳಗೆ ಇಟ್ಟಿಗೆ ಒಮ್ಮೆ ನಡುಗಿತು. ನೀರು ಕುಡಿಯುವ ದನದ ಗಂಟಲು ಮುಟ್ಟಿದರೆ ಹೇಗಿರುತ್ತದೋ ಹಾಗೆ. ಆಮೇಲೆ ಸಂದಿಯಲ್ಲಿ ಉಗುರು ಹೋಗುವಷ್ಟೂ ಜಾಗ ಉಳಿಯಲಿಲ್ಲ.

ನಾನು ಬಾಯಿ ಮುಚ್ಚಿಕೊಂಡಿದ್ದೆ, ತುಟಿ ಕಚ್ಚಿಕೊಂಡಿದ್ದೆ. ನನ್ನ ದನಿ ಗೋಡೆಯೊಳಗಿಂದ ಬಂತು.

‘ಥೂ ನಿನ್ ಮಕಕ್ಕೆ ನನ್ ಎಕ್ಡ ಹಾಕ. ಲೋ ಮರಿಸಿದ್ದ, ಬ್ಲಾಕಿನ ಬಿಲದಾಗೆ ಹೆಗ್ಣ ಹೊಕ್ಕಂಗೆ ಹೊಕ್ಕವ್ನೆ, ಬಾರ್ಲಾ ಹೊರೀಕೆ…’

ಬೋರಣ್ಣ ಕಿಸಕ್ಕೆಂದ. ಅವನ ಹಿಂದೆ ಇನ್ನೊಬ್ಬ. ಬೀದಿಗೆ ಬೀದಿಯೇ ನಗತೊಡಗಿತು. ಮರಿಸಿದ್ದಯ್ಯ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಅವನ ಮಗಳ ಮನೆ ಸೇತುವೆಯ ಆಚೆಗೆ, ಅವನ ಗದ್ದೆ ಆಚೆಗೆ, ಅವನು ಕೂತು ಬೀಡಿ ಸೇದುವ ಕಟ್ಟೆಯೂ ಆಚೆಗೆ. ಇನ್ನು ಮೇಲೆ ಹೋಗುವಾಗೊಮ್ಮೆ ಬರುವಾಗೊಮ್ಮೆ. ಅವನ ಮುಖ ನೋಡಿ ನನಗೂ ನಗು ಬಂತು.

ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಗೋಡೆ ಬೈಯುವುದನ್ನು ನಿಲ್ಲಿಸಿತ್ತು. ಈಗ ಅದರೊಳಗೆ ಯಾರೋ ದಿಂಬಿಗೆ ಬಾಯಿ ಒತ್ತಿಕೊಂಡು ಬಿಕ್ಕುತ್ತಿದ್ದರು. ಗಂಡಸಿನ ಬಿಕ್ಕು. ‘ಅಪ್ಪಾ’ ಎಂದಿತು. ಮತ್ತೆ ಬಿಕ್ಕಿತು. ಎಲ್ಲರೂ ಮಲಗಿದ ಮೇಲೆ ಅಳುತ್ತಿದ್ದೆ, ಯಾರೂ ಕೇಳಿಲ್ಲ ಎಂದುಕೊಂಡಿದ್ದೆ. ಇಟ್ಟಿಗೆ ಕೇಳಿಸಿಕೊಂಡಿತ್ತು. ಜನ ನೀರು ನೋಡಿದರು, ಕಾಲು ನೋಡಿಕೊಂಡರು. ರಂಗಿಯ ಮಗ ಮಾತ್ರ, ಸೈಕಲ್ ಹಿಡಿದು ಗುಂಪಿನ ಅಂಚಿನಲ್ಲಿ ನಿಂತಿದ್ದವನು, ನನ್ನನ್ನೇ ನೇರವಾಗಿ ನೋಡಿದ. ಆಮೇಲೆ ಗೋಡೆ ಮತ್ತೆ ಮೊದಲಿನಿಂದ ಶುರುಮಾಡಿತು: ‘ಥೂ ನಿನ್ ಮಕಕ್ಕೆ…’

ನಾನು ಓಡಿದೆ. ಹಿಂದೆ ಅವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಸೇತುವೆ ಹಿಡಿದುಕೊಂಡದ್ದೇನೋ ಸರಿ. ಕೂಸಿನದನ್ನು ಬಿಟ್ಟಿದೆಯೋ, ಇಲ್ಲ ನೀರಿನ ಕಡೆಯ ಮುಖದಿಂದ ಅದನ್ನೂ ಸದ್ದಿಲ್ಲದೆ ಕುಡಿದಿದೆಯೋ? ಕೆಳಬೀದಿಗೆ ತಿರುಗಿದರೆ ನಮ್ಮ ಮನೆ ಕಡೆಯಿಂದ ಏನೂ ಕೇಳುತ್ತಿರಲಿಲ್ಲ. ನಾಯಿಗಳು ಬೊಗಳಿದವು, ಯಾರದೋ ಕೊಡ ಕಲ್ಲಿಗೆ ತಗುಲಿ ಠಣ್ಣೆಂದಿತು. ಬೀದಿ ಉಳಿದಿತ್ತು. ನಮ್ಮ ಮನೆ ಮಾತ್ರ ಹೂತಿಟ್ಟ ಹಾಗೆ ತೆಪ್ಪಗಿತ್ತು.

ಕೋಣೆಯಲ್ಲಿ ಅಕ್ಕ ಗೋಡೆಗೊರಗಿ ಕೂತಿದ್ದಳು, ಕೂಸು ತೊಡೆಯ ಮೇಲೆ. ತೂತಿನಿಂದ ಇಟ್ಟಿಗೆಯಷ್ಟೇ ಅಗಲದ ಬಿಸಿಲು ಅವಳ ಹೆಗಲ ಮೇಲೆ ಬಿದ್ದಿತ್ತು. ಕೂಸಿಗೆ ಎಚ್ಚರವಿತ್ತು. ಕಣ್ಣು ಮುಚ್ಚಿಕೊಂಡು, ಬಾಯಿಯನ್ನು ಇಷ್ಟಗಲ ತೆರೆದಿತ್ತು. ಸದ್ದಿರಲಿಲ್ಲ.

ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಕೂಸು ಬಾಯಿ ಮುಚ್ಚಿ ಚಪ್ಪರಿಸಿತು.

“ಆಕಳಿಸ್ತಾ ಅದೆ” ಅಂದಳು ಅಕ್ಕ. “ನೀವು ಹೋದಾಗಿಂದ ಸುಮ್ನೆ ಅದೆ. ಅಳ್ಸಕ್ಕೆ ನಂಗೆ ಧೈರ್ಯ ಇಲ್ಲ. ಅಳ್ಸುದ್ರೆ ಗೊತ್ತಾಗೋಯ್ತದೆ.”

ಅವ್ವ ಏದುಸಿರು ಬಿಡುತ್ತ ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ಬಂದಳು. ಬಗ್ಗಿ, ಕೂಸಿನ ಅಂಗಾಲಿಗೆ ಚಿವುಟಿದಳು. ಗಟ್ಟಿಯಾಗಿಯೇ ಚಿವುಟಿದಳು.

ಮುಖ ಸುಕ್ಕಾಯಿತು. ಕೆಂಪಾಯಿತು. ಬಾಯಿ ಮತ್ತೆ ತೆರೆಯಿತು, ವಸಡು ಕಂಡಿತು, ಪುಟ್ಟ ನಾಲಗೆ ನಡುಗಿತು. ಉಸಿರು ಒಳಗೆ ಹೋದದ್ದು ಹೋಗಿಯೇ ಇತ್ತು, ಹೊರಗೆ ಬರಲೇ ಇಲ್ಲ. ಅಕ್ಕ ಎರಡೂ ಕಿವಿಗಳನ್ನು ಕೈಯಿಂದ ಮುಚ್ಚಿಕೊಂಡುಬಿಟ್ಟಳು.

ಆಮೇಲೆ ಅದು ಅತ್ತಿತು. ತಗಡು ಸೀಳಿದ ಹಾಗೆ, ಮಾಡಿನ ಹೆಂಚು ಹಾರಿಹೋಗುವ ಹಾಗೆ ಅತ್ತಿತು. ಅವ್ವ ಅಲ್ಲೇ ನೆಲಕ್ಕೆ ಕುಕ್ಕರಿಸಿದಳು. ಕಿವಿ ಮುಚ್ಚಿದ್ದ ಅಕ್ಕನಿಗೂ ಕೇಳಿಸಿತು. ಕೈ ತೆಗೆದಳು, ಬಗ್ಗಿ ಕೂಸಿನ ಬಾಯಿಗೇ ಕಿವಿಯಿಟ್ಟಳು.

“ಅತ್ತಿತು ಕಣಕ್ಕಾ! ಅತ್ತಿತು!” ಎಂದು ನಾನು ಕೂಗಿದೆ.

ಎದೆಯಿಂದ ಗಾಳಿ ಹೊರಟಿತು, ದನಿ ಹೊರಡಲಿಲ್ಲ. ಅಷ್ಟೆ. ಇನ್ನೊಮ್ಮೆ ಕೂಗಿದೆ. ಅವ್ವ ತಿರುಗಿ ನನ್ನ ಬಾಯಿಯನ್ನು ನೋಡಿದಳು, ಬಾಣಲೆಯ ಸಾಸಿವೆ ನೋಡುವ ಹಾಗೆ. ಸೇತುವೆಯಲ್ಲಿ ಕೇಳಿದ್ದು ಏನೆಂದು ಅವಳಿಗೆ ಈಗ ಪೂರ್ತಿ ಅರ್ಥವಾಯಿತು.

“ನಿಂದಾ ಕೊಟ್ಟೆ?” ಅಂದಳು. “ಮುಂಡೇದೇ. ನಿಂಗಿದ್ದದ್ದು ಅದೊಂದೇ ಅಲ್ವೇನ್ಲಾ.”

ಅಕ್ಕನಿಗೆ ಹೊಳೆಯಲು ಇನ್ನೂ ತುಸು ಹೊತ್ತು ಹಿಡಿಯಿತು. ಹೊಳೆದಾಗ, ಒದೆಯುತ್ತ ಕಿರುಚುತ್ತಿದ್ದ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದಳು. ಅಂಥ ಹಸಿಕೂಸನ್ನು ನಾನು ಎತ್ತಿಕೊಂಡವನಲ್ಲ, ಹೇಗೋ ಹಿಡಿದೆ. ಅದು ನನ್ನ ಮೂಗಿನ ಮುಂದೆ ಬಾಯಿ ತೆರೆದು, ಈ ಭೂಮಿಯ ಮೇಲೆ ತನಗೆ ಯಾರ ಹಂಗೂ ಇಲ್ಲವೆಂಬಂತೆ ಅರಚಿತು. ನಾನೂ ಅದರ ಮುಖಕ್ಕೆ ಮುಖ ಕೊಟ್ಟು, ಗಂಟಲು ಹರಿಯುವ ಹಾಗೆ, ಗೊತ್ತಿದ್ದ ಬೈಗುಳವನ್ನೆಲ್ಲ ಸೇರಿಸಿ ಕೂಗಿದೆ. ಇಬ್ಬರೂ ಕೂಗಿದೆವು. ಮನೆಯಲ್ಲಿ ಕೇಳಿದ್ದು ಒಂದೇ ದನಿ.